ನಮ್ಮೋರ ಕೇಸು

ಕಡತದ ಮೊದಲ ಪುಟದಲ್ಲಿ ಆರೋಪಿಗಳ ಊರಿನ ಹೆಸರು ಕಂಡ ಕೂಡಲೇ ಅನುಮಾನ ಬಂದಿತ್ತು. ಮುಂದಿನ ಪುಟದಲ್ಲಿ ಅದು ಖಾತ್ರಿಯಾಯಿತು. ಎರಡನೇ ಆರೋಪಿ, ಎಂದರೆ ಸತ್ತ ಹುಡುಗಿಯ ಮಾವ, ನಮ್ಮಮ್ಮನಿಗೆ ವರಸೆಯಲ್ಲಿ ಅಣ್ಣನಾಗಬೇಕು. ತೀರಾ ಹತ್ತಿರದವರೇನಲ್ಲ, ಅಮ್ಮನ ತಾತನ ಕಾಲಕ್ಕೇ ಪಾಲಾದ ಮನೆ. ಆದರೆ ನಮ್ಮ ಕಡೆ ನೆಂಟಸ್ತನವನ್ನು ಯಾರೂ ಹಾಗೆ ತಲೆಮಾರು ಎಣಿಸಿ ಅಳೆಯುವುದಿಲ್ಲ. ಮದುವೆಗೆ ಮುಯ್ಯಿ ಓದಿಸಿದವರು, ಸಾವಿಗೆ ಬಂದು ಒಂದು ಹಿಡಿ ಮಣ್ಣು ಹಾಕಿದವರು ಎಲ್ಲರೂ ನಮ್ಮೋರೇ.

ಆಗ ನಾನು ಸೆಷನ್ಸ್ ನ್ಯಾಯಾಲಯವೊಂದರಲ್ಲಿ ಸರ್ಕಾರಿ ಅಭಿಯೋಜಕಿ. ಕೆಲಸ ನೆರೆಯ ತಾಲ್ಲೂಕಿನಲ್ಲಿ, ಮನೆ ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ. ಅಂದೇ ಮೇಲಧಿಕಾರಿಗೆ ಪತ್ರ ಬರೆದೆ: ಆರೋಪಿಗಳಲ್ಲಿ ಒಬ್ಬರು ತಾಯಿಯ ಕಡೆಯಿಂದ ದೂರದ ಸಂಬಂಧಿ, ಬೇರೆಯವರಿಗೆ ವಹಿಸುವುದಾದರೆ ನನ್ನ ಆಕ್ಷೇಪ ಇಲ್ಲ. ಸಂಬಂಧ ದೂರದ್ದು, ಅಡ್ಡಿಯಿಲ್ಲ, ನೀವೇ ಮುಂದುವರಿಸಿ ಎಂದು ಉತ್ತರ ಬಂತು. ಆ ಎರಡೂ ಕಾಗದಗಳ ನಕಲನ್ನು ಮನೆಯಲ್ಲಿ ಇಟ್ಟುಕೊಂಡೆ. ಮುಂದೆ ನನ್ನನ್ನು ಕಾಪಾಡಿದ್ದು ಅವೇ.

ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ. ಮೇಲ್ಮನವಿ ಇನ್ನೂ ಬಾಕಿಯಿದೆ. ಆ ಹುಡುಗಿಯ ಮಗ ಶಾಲೆಗೆ ಹೋಗುತ್ತಿದ್ದಾನೆ, ಓದು ಬಲ್ಲವನಾಗಿದ್ದಾನೆ.

ನಮ್ಮ ಕೆಲಸ ಏನೆಂಬುದು ಊರಿನಲ್ಲಿ ಹೆಚ್ಚು ಜನಕ್ಕೆ ತಿಳಿಯದು. ‘ಪೊಲೀಸ್ನೋರ ಲಾಯರಮ್ಮ’ ಎನ್ನುತ್ತಾರೆ. ಒಂದು ಕಾಲದಲ್ಲಿ ಅದು ನಿಜವೂ ಆಗಿತ್ತು, ಮ್ಯಾಜಿಸ್ಟ್ರೇಟರ ಮುಂದೆ ಪೊಲೀಸ್ ಅಧಿಕಾರಿಗಳೇ ಕೇಸು ನಡೆಸುತ್ತಿದ್ದರು. 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಅಭಿಯೋಜಕರು ಬೇರೆಯಾದರು. ಪೊಲೀಸ್ ಇಲಾಖೆಯ ಹಿಡಿತದಲ್ಲಿ ಅಭಿಯೋಜಕರು ಇರಕೂಡದು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಖಡಾಖಂಡಿತವಾಗಿ ಹೇಳಿತು. ನಾವು ಪೊಲೀಸರ ವಕೀಲರಲ್ಲ, ಸತ್ತವರ ಕಡೆಯ ವಕೀಲರೂ ಅಲ್ಲ. ರಾಜ್ಯದ ಪರವಾಗಿ ನಿಂತು, ಇರುವ ಸಾಕ್ಷ್ಯವನ್ನು ಮುಚ್ಚುಮರೆಯಿಲ್ಲದೆ ನ್ಯಾಯಾಧೀಶರ ಮುಂದಿಡುವವರು. ಆರೋಪಿಗೆ ಅನುಕೂಲವಾದ ಕಾಗದವಿದ್ದರೆ ಅದನ್ನೂ ತೋರಿಸಬೇಕು. ಇದನ್ನು ನಾನು ಪುಸ್ತಕದಿಂದ ಕಲಿತದ್ದು ಬೇಗ, ಬದುಕಿ ಕಲಿತದ್ದು ನಿಧಾನ.

ಅಪ್ಪ ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದರು. ಮನೆಯಲ್ಲಿ ರೇಷ್ಮೆ ಹುಳುವಿನ ಚಂದ್ರಿಕೆಗಳ ನಡುವೆ ಕೂತು ಓದಿದವಳು ನಾನು. ಬೆಂಗಳೂರಿನಲ್ಲಿ ಕಾನೂನು ಓದಿ, ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ಕೆಲವು ವರ್ಷ ವಕಾಲತ್ತು ಮಾಡಿ, ಸಹಾಯಕ ಸರ್ಕಾರಿ ಅಭಿಯೋಜಕಿಯಾಗಿ ಅಭಿಯೋಗ ಇಲಾಖೆಗೆ ಸೇರಿದೆ. ಬಡ್ತಿ ಸಿಕ್ಕಿ ಸೆಷನ್ಸ್ ಕೋರ್ಟಿಗೆ ಬರುವ ಹೊತ್ತಿಗೆ ತಲೆ ನರೆತಿತ್ತು. ಗಂಡ ಹತ್ತಿರದ ಊರಿನ ಶಾಲೆಯಲ್ಲಿ ಮೇಷ್ಟ್ರು, ಅಪ್ಪ ಅಮ್ಮನಿಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಮದುವೆಯಾದ ಮೇಲೂ ಊರಿನಲ್ಲೇ ಉಳಿದೆವು.

ರಾಜಘಟ್ಟ ಎಂದರೆ ಇತಿಹಾಸ ಓದಿದವರಿಗೆ ಬೌದ್ಧ ನೆಲೆ ನೆನಪಾಗುತ್ತದೆ. 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ನಮ್ಮೂರಿನ ದಿಬ್ಬವೊಂದನ್ನು ಅಗೆದಾಗ ಇಟ್ಟಿಗೆಯ ಚೈತ್ಯ, ವಿಹಾರ, ಕೈಯಲ್ಲಿ ಹಿಡಿಯುವಷ್ಟು ಸಣ್ಣ ಜೇಡಿಮಣ್ಣಿನ ಸ್ತೂಪಗಳು ಸಿಕ್ಕವು. ರಜೆಯ ದಿನಗಳಲ್ಲಿ ನಾನೂ ಹೋಗಿ ನಿಂತು ನೋಡಿದ್ದೇನೆ. ಸಿಕ್ಕ ಚೂರು ಎಷ್ಟೇ ಸಣ್ಣದಿರಲಿ, ಯಾವ ಗುಂಡಿಯಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದ ಮೇಲೆಯೇ ಚೀಲಕ್ಕೆ ಹಾಕುತ್ತಿದ್ದರು. ಮರುದಿನ ಕೋರ್ಟಿಗೆ ಹೋಗಿ, ರಕ್ತದ ಬಟ್ಟೆ ಎಲ್ಲಿ ಸಿಕ್ಕಿತೆಂದು ಸರಿಯಾಗಿ ಬರೆಯದ ಮಹಜರನ್ನು ಓದುವಾಗ ನನಗೆ ಸಂಕಟವಾಗುತ್ತಿತ್ತು.

ಅಪ್ಪ ರಾಜಕೀಯದ ಮನುಷ್ಯರಲ್ಲ. ಆದರೆ ಹೊಸ ಪಂಚಾಯತ್ ರಾಜ್ ಕಾಯ್ದೆಯಡಿ 1993ರ ಕೊನೆಯಲ್ಲಿ ಗ್ರಾಮ ಪಂಚಾಯ್ತಿಗೆ ಮೊದಲ ಚುನಾವಣೆ ನಡೆದಾಗ ಊರಿನವರ ಒತ್ತಾಯಕ್ಕೆ ನಿಂತು ಗೆದ್ದರು. ಒಂದು ಅವಧಿ ಮಾಡಿದರು, ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಅವತ್ತಿನ ಓಟಿನ ಋಣ ಮಾತ್ರ ತೀರಲಿಲ್ಲ. ಅಪ್ಪನ ಮೇಲಿದ್ದ ಆ ಋಣ, ನನಗೆ ಸರ್ಕಾರಿ ಕೆಲಸ ಸಿಕ್ಕ ದಿನದಿಂದ ನನ್ನ ಹೆಸರಿಗೆ ವರ್ಗವಾಯಿತು.

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ನಮ್ಮಂಥ ಅಭಿಯೋಜಕರನ್ನು ಕೌಂಟಿಯ ಜನರೇ ಮತ ಹಾಕಿ ಆರಿಸುತ್ತಾರೆ, ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ. ಹಾಗೆ ಆರಿಸಿ ಬಂದವರು ಮುಂದಿನ ಚುನಾವಣೆಗೆ ಹೆದರಿಯೇ ಕೆಲವು ಕೇಸುಗಳನ್ನು ಬಿಗಿಯಾಗಿ, ಕೆಲವನ್ನು ಸಡಿಲವಾಗಿ ನಡೆಸುತ್ತಾರೆಂಬ ದೂರು ಅಲ್ಲಿಯದು. ನಮ್ಮಲ್ಲಿ ಹಾಗಿಲ್ಲ, ನಾವು ಸರ್ಕಾರದ ನೇಮಕದಿಂದ ಬಂದವರು, ಓಟಿಗೆ ನಿಲ್ಲುವ ಹಾಗೂ ಇಲ್ಲ. ಆದರೂ ರಾಜಘಟ್ಟದ ಲೆಕ್ಕದಲ್ಲಿ ನಾನು ಊರು ಆರಿಸಿ ಕಳಿಸಿದವಳೇ. ಪೊಲೀಸರು ಟಿಪ್ಪರ್ ಹಿಡಿದುಕೊಂಡು ಹೋದರೆ ಊರಿನವರು ನಮ್ಮ ಮನೆಗೆ ಬರುತ್ತಿದ್ದರು. ಚೀಟಿ ವ್ಯವಹಾರದ ಜಗಳ, ಬದುವಿನ ಜಗಳ, ಕುಡಿದು ಗಾಡಿ ಓಡಿಸಿದ ಮಗ, ಎಲ್ಲಕ್ಕೂ ‘ಒಂದು ಮಾತು ಹೇಳವ್ವ ಸಾಕು’. ಹೇಳುವುದಿಲ್ಲ ಎಂದು ಹೇಳಿ, ಕಾಫಿ ಕೊಟ್ಟು ಕಳಿಸುವುದನ್ನು ನಾನೂ ಅಮ್ಮನೂ ಅಭ್ಯಾಸ ಮಾಡಿಕೊಂಡಿದ್ದೆವು. ಮುಖ ಸಣ್ಣದಾಗುತ್ತಿತ್ತು, ಹಬ್ಬದ ಹೊತ್ತಿಗೆ ಸರಿಹೋಗುತ್ತಿತ್ತು. ಈ ಪ್ರಕರಣದಲ್ಲಿ ಹಾಗೆ ಸರಿಹೋಗಲಿಲ್ಲ.

ಪ್ರಕರಣ ಇಷ್ಟು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಜಿಲ್ಲೆಯ ನೆಲಕ್ಕೆ ಬಂದ ಬೆಲೆ ಎಲ್ಲರಿಗೂ ಗೊತ್ತು. ಹುಡುಗಿಯ ತಂದೆಯ ಜಮೀನು ಕೈಗಾರಿಕೆಗೆಂದು ಸ್ವಾಧೀನವಾಗಿ ಪರಿಹಾರ ಬಂದಿತ್ತು. ಮದುವೆಯಾಗಿ ಮೂರನೇ ವರ್ಷ. ಪರಿಹಾರದಲ್ಲಿ ಮಗಳ ಪಾಲು ತಾ ಎಂದು ಗಂಡನ ಮನೆಯಲ್ಲಿ ಪೀಡನೆ ಶುರುವಾಯಿತು. ಒಂದಿಷ್ಟು ಕೊಟ್ಟರು, ಸಾಲಲಿಲ್ಲ. ಒಂದು ಸಂಜೆ ಹುಡುಗಿ ಸುಟ್ಟುಕೊಂಡ ಸ್ಥಿತಿಯಲ್ಲಿ ಬೆಂಗಳೂರಿನ ಆಸ್ಪತ್ರೆ ಸೇರಿದಳು. ಕೆಲವು ದಿನ ಬದುಕಿದ್ದಳು. ಆ ದಿನಗಳಲ್ಲಿ ವೈದ್ಯರ ಎದುರಿಗೆ ಅವಳ ಹೇಳಿಕೆ ಬರೆದುಕೊಂಡರು. ಕೈಬೆರಳುಗಳು ಬೆಂದಿದ್ದರಿಂದ ಎಡಗಾಲಿನ ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡಿದ್ದರು. ಮದುವೆಯಾದ ಏಳು ವರ್ಷದೊಳಗಿನ ಸಾವಾದ್ದರಿಂದ ತಹಸೀಲ್ದಾರರೇ ಶವ ಪಂಚನಾಮೆ ಮಾಡಿದ್ದರು. ಗಂಡ, ಮಾವ, ಅತ್ತೆ ಮೂವರ ಮೇಲೆ ವರದಕ್ಷಿಣೆ ಸಾವು ಮತ್ತು ಕಿರುಕುಳದ ಆರೋಪ. ಆಗಿನ್ನೂ ಹಳೆಯ ಭಾರತೀಯ ದಂಡ ಸಂಹಿತೆ, ಕಲಂ 304-ಬಿ ಮತ್ತು 498-ಎ. ಮೊದಲನೆಯದು ರುಜುವಾತಾದರೆ ಕಡಿಮೆಯೆಂದರೂ ಏಳು ವರ್ಷ ಜೈಲು.

ಮೊದಲು ಬಂದದ್ದು ದೊಡ್ಡಮ್ಮ, ಅಮ್ಮನ ಅಕ್ಕ. ಮಡಿಲು ತುಂಬ ಅವರೆಕಾಯಿ ತಂದಿದ್ದರು. ಊಟ ಮಾಡಿದರು, ನನ್ನ ಮಗಳ ತಲೆ ಬಾಚಿದರು. ಹೋಗುವಾಗ ಬಾಗಿಲಲ್ಲಿ ನಿಂತು, ‘ಅವನು ನಿಂಗೆ ಸ್ವಾದರಮಾವ ಆಗ್ಬೇಕು ಕಣವ್ವ. ಹೋದೋಳು ಹೋದ್ಳು. ಇರೋರ್ನ ಯಾಕೆ ಸಾಯಿಸ್ತೀಯ?’ ಎಂದರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ನಾನು ಹುಟ್ಟಿದಾಗ ಬಾಣಂತನ ಮಾಡಿದವರು, ನನ್ನ ಓದಿನ ಫೀಸಿಗೆ ಒಮ್ಮೆ ಸಾಲ ಕೊಟ್ಟವರು, ಅಪ್ಪನಿಗೆ ಓಟು ಹಾಕಿಸಿದವರು. ಯಾರೂ ಬೆದರಿಸಲಿಲ್ಲ. ಬೆದರಿಸಿದ್ದರೆ ನನಗೆ ದಾರಿ ಗೊತ್ತಿತ್ತು, ಠಾಣೆಯಲ್ಲಿ ದೂರು ಕೊಡುತ್ತಿದ್ದೆ, ನ್ಯಾಯಾಧೀಶರ ಗಮನಕ್ಕೆ ತರುತ್ತಿದ್ದೆ. ಅವರೆಕಾಯಿ ತಂದುಕೊಟ್ಟು ಕಣ್ಣೀರು ಹಾಕುವ ದೊಡ್ಡಮ್ಮನ ಮೇಲೆ ಏನೆಂದು ದೂರು ಕೊಡುವುದು? ಮೂವತ್ತು ವರ್ಷಕ್ಕೆ ಹತ್ತಿರದ ನನ್ನ ಕೆಲಸದಲ್ಲಿ ರೌಡಿಗಳ ಕಡೆಯಿಂದ ಕಂಡದ್ದಕ್ಕಿಂತ ಹೆಚ್ಚು ನೋವನ್ನು ನಾನು ಉಂಡದ್ದು ಪ್ರೀತಿ ತೋರಿದ ಜನರಿಂದ. ಇದನ್ನು ಬರೆದಿಡಬೇಕೆಂದೇ ಈಗ ಬರೆಯುತ್ತಿದ್ದೇನೆ. ಏಕೆಂದರೆ ಅಭಿಯೋಜಕರ ಸ್ವಾತಂತ್ರ್ಯದ ಬಗ್ಗೆ ತೀರ್ಪುಗಳಲ್ಲಿ, ವಿಚಾರ ಸಂಕಿರಣಗಳಲ್ಲಿ ಮಾತು ಬಂದಾಗಲೆಲ್ಲ ಮಂತ್ರಿಗಳ ಒತ್ತಡ, ಪೊಲೀಸರ ಒತ್ತಡ ಎನ್ನುತ್ತಾರೆ. ಅಡುಗೆಮನೆಯವರೆಗೆ ಬಂದು ಕೂರುವ ಒತ್ತಡದ ಮಾತು ಎಲ್ಲೂ ಬರುವುದಿಲ್ಲ.

‘ಕೇಸು ವಾಪಸ್ ತಗೊಂಡ್ಬುಡು, ನಿನ್ ಕೈಲೇ ಐತಂತಲ್ಲ’ ಎಂದು ಯಾರೋ ಹೇಳಿಕೊಟ್ಟಿದ್ದರು. ಅದರಲ್ಲಿ ಅರ್ಧ ಸತ್ಯವಿತ್ತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮಿನ ಪ್ರಕಾರ ಅಭಿಯೋಜಕರು ನ್ಯಾಯಾಲಯದ ಒಪ್ಪಿಗೆ ಪಡೆದು ಪ್ರಕರಣ ಹಿಂತೆಗೆದುಕೊಳ್ಳಬಹುದಿತ್ತು. ಆದರೆ ಆ ತೀರ್ಮಾನ ಅಭಿಯೋಜಕರ ಸ್ವಂತ ವಿವೇಚನೆಯದಾಗಿರಬೇಕು, ಸಾರ್ವಜನಿಕ ಹಿತಕ್ಕಾಗಿ ಇರಬೇಕು. ಸರ್ಕಾರಗಳೇ ಇದನ್ನು ಮರೆಯುವುದುಂಟು. 2020ರ ಆಗಸ್ಟ್ 31ರಂದು ನಮ್ಮ ರಾಜ್ಯ ಸರ್ಕಾರ ಸಚಿವರು, ಶಾಸಕರು ಸೇರಿದಂತೆ ಹಲವರ ಮೇಲಿನ 61 ಪ್ರಕರಣಗಳನ್ನು ಹಿಂತೆಗೆದುಕೊಳ್ಳುವ ಆದೇಶ ಹೊರಡಿಸಿತು, ಅದೇ ಡಿಸೆಂಬರಿನಲ್ಲಿ ಹೈಕೋರ್ಟು ತಡೆ ಕೊಟ್ಟಿತು. ದೊಡ್ಡವರಿಗೆ ಹೀಗೆ ಆಗುವುದನ್ನು ಪತ್ರಿಕೆಯಲ್ಲಿ ಓದಿದ ಹಳ್ಳಿಯ ಜನ, ನಮಗೂ ಆಗಲಿ ಎಂದು ಕೇಳಿದರೆ ಅವರನ್ನಷ್ಟೇ ದೂರಲು ನನಗೆ ಮನಸ್ಸಿಲ್ಲ.

ನಾನು ಒಪ್ಪಲಿಲ್ಲ. ಒಪ್ಪಲಿಲ್ಲವೆಂದು ಊರಿಗೆ ತಿಳಿದ ಮೇಲೆ ಬರುವವರು ನಿಂತರು. ಮೊದಲ ಪೆಟ್ಟು ಬಿದ್ದದ್ದು ಹೊಲದಲ್ಲಿ. ನಮ್ಮ ಕಡೆ ರಾಗಿ ಕೊಯ್ಲಿಗೆ ಈಗಲೂ ಮುಯ್ಯಾಳು ನಡೆಯುತ್ತದೆ. ನಿಮ್ಮ ಹೊಲಕ್ಕೆ ನಾವು, ನಮ್ಮ ಹೊಲಕ್ಕೆ ನೀವು. ಆ ವರ್ಷ ಯಾರೂ ಬರಲಿಲ್ಲ. ಕೂಲಿ ಕೊಡುತ್ತೇವೆಂದರೂ ನಮ್ಮ ಬೀದಿಯವರು ಬರಲಿಲ್ಲ. ತೆನೆ ಒಣಗಿ ಕಾಳು ಉದುರತೊಡಗಿದಾಗ ಗಂಡ ಬೇರೆ ಊರಿಂದ ಆಳು ಕರೆತಂದರು. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದ ಅಮ್ಮ ಸಾಲಿನಲ್ಲಿ ನಿಂತರೆ ಮಾತು ನಿಲ್ಲುತ್ತಿತ್ತು. ಅಮ್ಮ ಅದನ್ನು ನನಗೆ ಹೇಳಿದವಳಲ್ಲ, ಹಾಲು ಹಾಕಲು ನನ್ನ ಗಂಡನನ್ನು ಕಳಿಸತೊಡಗಿದಳು, ಅಷ್ಟೇ. ಮಗಳಿಗೆ ನೋಡಿದ್ದ ಸಂಬಂಧವೊಂದು ನಿಶ್ಚಿತಾರ್ಥದ ದಿನ ಗೊತ್ತುಮಾಡುವ ಹಂತದಲ್ಲಿ ಮುರಿಯಿತು. ಗಂಡಿನ ಕಡೆಯವರು ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಗಳು ಆ ರಾತ್ರಿ ನನ್ನ ಹತ್ತಿರ ಬಂದು, ‘ಅಮ್ಮ, ನೀನು ಆ ಹುಡುಗಿ ಫೋಟೊ ತೋರಿಸಿದ್ದೆಯಲ್ಲ, ನನಗಿಂತ ಚಿಕ್ಕವಳು. ನೀನು ಮುಂದುವರಿಸು’ ಎಂದಳು. ಅವಳ ಆ ಮಾತು ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಹೇಳಲಾರೆ.

ನಡುವೆ ನನ್ನ ಮೇಲೆ ಒಂದು ಅರ್ಜಿ ಹೋಯಿತು. ಅಭಿಯೋಜಕಿಗೂ ಆರೋಪಿಗಳಿಗೂ ಹಳೆಯ ಜಮೀನು ವೈಷಮ್ಯವಿದೆ, ಸಂಬಂಧ ಮುಚ್ಚಿಟ್ಟು ಕೇಸು ನಡೆಸುತ್ತಿದ್ದಾರೆ, ಬದಲಾಯಿಸಬೇಕು ಎಂದು. ಜಮೀನು ವೈಷಮ್ಯ ಯಾವುದೂ ಇರಲಿಲ್ಲ. ಮೊದಲ ದಿನವೇ ಬರೆದಿದ್ದ ಪತ್ರದ ನಕಲನ್ನು ವಿವರಣೆಯ ಜೊತೆ ಲಗತ್ತಿಸಿದೆ. ಆ ಅರ್ಜಿ ಮುಕ್ತಾಯವಾಗುವವರೆಗೆ ಪ್ರತಿದಿನ ಕೋರ್ಟಿನ ಮೆಟ್ಟಿಲು ಹತ್ತುವಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು. ನಿದ್ದೆ ಬಿಟ್ಟುಹೋಯಿತು. ರಕ್ತದೊತ್ತಡದ ಮಾತ್ರೆ ಶುರುವಾದದ್ದು ಆಗಲೇ.

ಆ ದಿನಗಳಲ್ಲಿ ನಾನು ಮತ್ತೆ ಮತ್ತೆ ನೆನೆದದ್ದು ಬಿ.ವಿ. ಆಚಾರ್ಯರನ್ನು. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ 2003ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕರ್ನಾಟಕಕ್ಕೆ ವರ್ಗವಾದ ಮೇಲೆ ವಿಶೇಷ ಅಭಿಯೋಜಕರಾದವರು ಅವರು. 2012ರಲ್ಲಿ ಅಡ್ವೊಕೇಟ್ ಜನರಲ್ ಹುದ್ದೆಯನ್ನು ಬಿಟ್ಟರು, ಅದೇ ವರ್ಷ ಅಭಿಯೋಜಕ ಹುದ್ದೆಯನ್ನೂ ಬಿಡುವಂತಾಯಿತು. ರಾಜ್ಯದ ಅತಿ ಹಿರಿಯ ವಕೀಲರಲ್ಲಿ ಒಬ್ಬರಿಗೇ ಈ ಕೆಲಸ ಇಷ್ಟು ಭಾರವಾದರೆ ತಾಲ್ಲೂಕಿನಲ್ಲಿ ಕೂತ ನಮ್ಮ ಪಾಡೇನು ಎಂದು ಆಗ ನಮ್ಮ ಸಹೋದ್ಯೋಗಿಗಳ ನಡುವೆ ಮಾತಾಗಿತ್ತು. 2015ರಲ್ಲಿ ಮೇಲ್ಮನವಿಯ ಹಂತದಲ್ಲಿ ಅವರು ಮತ್ತೆ ಬಂದರು, 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಉಳಿದ ಆರೋಪಿಗಳ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಷ್ಟು ದೊಡ್ಡ ಕೇಸಿಗೂ ನನ್ನದಕ್ಕೂ ಹೋಲಿಕೆಯಿಲ್ಲ. ಆದರೆ ಅವರಿಗೆ ಅಧಿಕಾರದಲ್ಲಿದ್ದವರನ್ನು ಎದುರಿಸಿ ಸಂಜೆ ಮನೆ ಸೇರುವ ಅವಕಾಶವಾದರೂ ಇತ್ತು ಎಂದುಕೊಳ್ಳುತ್ತಿದ್ದೆ. ನನಗೆ ಸಂಜೆಯೇ ಕೋರ್ಟು ಶುರುವಾಗುತ್ತಿತ್ತು.

ವಿಚಾರಣೆ ನಡೆಯುತ್ತಿದ್ದಾಗಲೇ ಅಪ್ಪ ತೀರಿಕೊಂಡರು. ಒಂದು ಕಾಲಕ್ಕೆ ಊರೇ ಆರಿಸಿದ್ದ ಮನುಷ್ಯ. ಹೆಣ ಎತ್ತುವ ಹೊತ್ತಿಗೆ ನಮ್ಮ ಬೀದಿಯ ಬಾಗಿಲುಗಳು ಮುಚ್ಚಿದ್ದವು. ಹೆಗಲು ಕೊಟ್ಟವರು ಗಂಡನ ಶಾಲೆಯ ಮೇಷ್ಟ್ರುಗಳು, ಊರಾಚೆಯ ಕಾಲೋನಿಯಿಂದ ಬಂದ ಅಪ್ಪನ ಹಳೆಯ ಗೆಳೆಯರು ಮತ್ತು ದೊಡ್ಡಬಳ್ಳಾಪುರದಿಂದ ಬಂದ ವಕೀಲರು. ಕಾಲೋನಿಯ ಗಂಡಸರು ನಮ್ಮ ಮನೆಯ ಹೆಣಕ್ಕೆ ಹೆಗಲು ಕೊಟ್ಟದ್ದು ಅದೇ ಮೊದಲು. ಅಮ್ಮ ಅವರ ಕೈಗಳನ್ನು ಒಬ್ಬೊಬ್ಬರದಾಗಿ ಹಿಡಿದು ಕಣ್ಣಿಗೊತ್ತಿಕೊಂಡಳು. ದೊಡ್ಡಮ್ಮ ಬರಲಿಲ್ಲ. ಹನ್ನೊಂದನೇ ದಿನಕ್ಕೆ ಬರಬಹುದೆಂದು ಅಮ್ಮ ಕಾದಳು, ಬರಲಿಲ್ಲ.

ತಿಥಿ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ ಮೊದಲ ಸಾಕ್ಷಿಯ ದಿನ ಬಂತು. ಮೊದಲ ಸಾಕ್ಷಿ ಸತ್ತ ಹುಡುಗಿಯ ತಾಯಿ. ದೂರು ಕೊಟ್ಟವರು ಅವರೇ. ಬೆಳಿಗ್ಗೆ ನನ್ನ ಕೋಣೆಗೆ ಬಂದು ಕೂರಬೇಕಾಗಿದ್ದ ಹೆಂಗಸು ಬರಲಿಲ್ಲ. ಕೋರ್ಟು ಡ್ಯೂಟಿಯ ಪೊಲೀಸಿನವರು, ‘ಮೇಡಂ, ಅವರು ಆ ಕಡೆ ಕೂತವ್ರೆ’ ಎಂದರು. ನೋಡಿದರೆ ಆರೋಪಿಗಳ ಕಡೆಯವರ ಬೆಂಚಿನಲ್ಲಿ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಿದ್ದರು. ಮಗು ಅಲ್ಲಿಯವರೆಗೆ ಆರೋಪಿಗಳ ಮನೆಯಲ್ಲೇ ಇತ್ತು. ನನಗೆ ಎಲ್ಲ ಅರ್ಥವಾಯಿತು.

ಕಟಕಟೆ ಹತ್ತಿ ಪ್ರಮಾಣ ಮಾಡಿ, ಮಗಳು ಅಡುಗೆ ಮಾಡುವಾಗ ಸೀರೆಗೆ ಬೆಂಕಿ ತಗುಲಿತೆಂದು ಕೇಳಿದೆ, ಯಾರೂ ದುಡ್ಡು ಕೇಳಿರಲಿಲ್ಲ, ಅಳಿಯ ಚೆನ್ನಾಗಿ ನೋಡಿಕೊಂಡಿದ್ದ ಎಂದರು. ಕಾನೂನಿನಂತೆ ನಾನು ಎದ್ದುನಿಂತು, ಈ ಸಾಕ್ಷಿಯನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಿ ಪಾಟಿ ಸವಾಲಿಗೆ ಅನುಮತಿ ಕೊಡಬೇಕೆಂದು ಕೇಳಿದೆ. ಅನುಮತಿ ಸಿಕ್ಕಿತು. ಅವರ ದೂರಿನ ಒಂದೊಂದು ಸಾಲನ್ನೂ ಓದಿ ಹೇಳಿದೆ. ‘ನಾನು ಹಾಗೆ ಬರೆಸಿಲ್ಲ.’ ‘ನನಗೆ ಗೊತ್ತಿಲ್ಲ.’ ‘ಪೊಲೀಸ್ನೋರು ಹೆಬ್ಬೆಟ್ಟು ಒತ್ತಿಸಿಕೊಂಡ್ರು.’ ಕೊನೆಗೆ ಕೇಳಲೇಬೇಕಾದ ಪ್ರಶ್ನೆ ಉಳಿದಿತ್ತು. ‘ಆರೋಪಿಗಳ ಜೊತೆ ರಾಜಿಯಾಗಿ, ಅವರನ್ನು ಉಳಿಸಲು ನಿಮ್ಮ ಮಗಳ ಸಾವಿನ ಬಗ್ಗೆ ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೀರಿ ಎಂದರೆ ಸರಿಯೇ?’ ಹೆತ್ತ ತಾಯಿಯನ್ನು, ನನ್ನ ಓರಿಗೆಯ ಹೆಂಗಸನ್ನು, ತುಂಬಿದ ಕೋರ್ಟಿನಲ್ಲಿ ಅದನ್ನು ಕೇಳಿದೆ. ‘ಸರಿಯಲ್ಲ’ ಎಂದು ದಾಖಲಾಯಿತು. ಅವರು ಕಟಕಟೆಯಿಂದ ಇಳಿಯುವಾಗ ನನ್ನ ಮೇಜಿನ ಪಕ್ಕ ಒಂದು ಕ್ಷಣ ನಿಂತು, ಯಾರಿಗೂ ಕೇಳದ ಹಾಗೆ, ‘ಮಗೀನ ಕೊಡ್ತೀವಿ ಅಂದವ್ರೆ ಕಣವ್ವ’ ಎಂದು ಹೋದರು.

ಸುಳ್ಳು ಸಾಕ್ಷ್ಯಕ್ಕಾಗಿ ಅವರ ಮೇಲೆ ಕ್ರಮ ಕೋರಿ ಅರ್ಜಿ ಹಾಕಬಹುದು, ಹಾಕಿ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು. ನಾನು ಹಾಕಲಿಲ್ಲ. ಆ ತೀರ್ಮಾನ ಸರಿಯೆಂದೇ ಇಂದಿಗೂ ನಂಬಿದ್ದೇನೆ. ಮಗಳನ್ನು ಕಳೆದುಕೊಂಡವಳ ಮುಂದೆ ಮೊಮ್ಮಗನನ್ನು ಹಿಡಿದು ಚೌಕಾಸಿ ಮಾಡಿದವರು ಹೊರಗೆ ನಿಂತಿರುವಾಗ ಅವಳೊಬ್ಬಳನ್ನು ಜೈಲಿಗೆ ಕಳಿಸುವ ನ್ಯಾಯ ನನಗೆ ಬೇಕಿರಲಿಲ್ಲ.

ತಾಯಿಯ ಹಿಂದೆಯೇ ತಂದೆ, ಅಣ್ಣ, ಮದುವೆ ಮಾತುಕತೆಗೆ ಕೂತ ಹಿರಿಯರು, ಮಹಜರಿನ ಪಂಚರು ಎಲ್ಲರೂ ತಿರುಗಿದರು. ನಮ್ಮ ಭಾಗದ ಜನಕ್ಕೆ ಇದು ಹೊಸತಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬಿದ್ದು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಅದನ್ನು ಕೇಳಿದ ದಿನ ನಮ್ಮ ಇಲಾಖೆಯ ಎಷ್ಟೋ ಜನ ಊಟ ಬಿಟ್ಟದ್ದನ್ನು ನಾನು ಬಲ್ಲೆ. ಸಾಕ್ಷಿ ಸುಳ್ಳು ಹೇಳಿದ ಎನ್ನುವುದು ಸುಲಭ. ಕೂಲಿಗೆ, ನೀರಿಗೆ, ದಾರಿಗೆ ಯಾರ ಮುಂದೆ ನಿಲ್ಲಬೇಕೋ ಅವರ ವಿರುದ್ಧವೇ ನುಡಿದು ಸಂಜೆ ಅದೇ ಊರಿಗೆ ಬಸ್ಸು ಹತ್ತಬೇಕಲ್ಲ.

ನನ್ನ ಪ್ರಕರಣದಲ್ಲಿ ತಿರುಗದೆ ಉಳಿದವಳು ಒಬ್ಬಳೇ. ಆರೋಪಿಗಳ ಮನೆಯ ಪಕ್ಕದ ವಠಾರದಲ್ಲಿ ಬಾಡಿಗೆಗಿದ್ದ ಹೆಂಗಸು, ಪವರ್‌ಲೂಮಿನಲ್ಲಿ ಕಂಡಿಕೆ ಸುತ್ತುವ ಕೆಲಸದವಳು. ಬೆಂಕಿ ಹತ್ತಿದಾಗ ಗೋಣಿಚೀಲ ಹೊದಿಸಿ ಆರಿಸಿದ್ದು ಅವಳು, ಆಂಬುಲೆನ್ಸಿನಲ್ಲಿ ಜೊತೆಗೆ ಹೋದದ್ದೂ ಅವಳೇ. ಅವಳಿಗೆ ಆ ಊರಿನಲ್ಲಿ ನೆಂಟರಿರಲಿಲ್ಲ. ಹಾಗಾಗಿ ಪ್ರೀತಿಯಿಂದ ಕಟ್ಟಿಹಾಕುವವರೂ ಇರಲಿಲ್ಲ. ಆದರೆ ಕೆಲಸ ಹೋಯಿತು, ಬಾಡಿಗೆ ಮನೆ ಹೋಯಿತು. ಸಮನ್ಸ್ ಹಿಡಿದು ಹೋದ ಪೊಲೀಸಿನವರಿಗೆ ಅವಳ ಹೊಸ ವಿಳಾಸ ಹುಡುಕುವುದೇ ಕಷ್ಟವಾಯಿತು. ಬಂದ ದಿನ ನ್ಯಾಯಾಧೀಶರು ರಜೆಯಲ್ಲಿದ್ದರು. ಮತ್ತೊಮ್ಮೆ ಬಂದ ದಿನ ಆರೋಪಿಗಳ ವಕೀಲರು ಸಮಯ ಕೇಳಿದರು. ಪ್ರತಿ ಸಲವೂ ಅವಳ ಒಂದು ದಿನದ ಕೂಲಿ ಹೋಗುತ್ತಿತ್ತು. ಸಾಕ್ಷಿಗೆ ಕೊಡಬೇಕಾದ ಭತ್ಯೆ ಕಾನೂನಿನಲ್ಲಿದೆ, ಅದನ್ನು ಅಂದಂದೇ ಕೈಗೆ ಕೊಡಿಸಲು ನಾನು ಗುಮಾಸ್ತರ ಮೇಜಿನ ಮುಂದೆ ನಿಲ್ಲುತ್ತಿದ್ದೆ. ಆರೋಪಿಗಳ ಕಡೆಯವರ ನಡುವೆ ವರಾಂಡದಲ್ಲಿ ಅವಳು ಕಾಯುವುದನ್ನು ನೋಡಲಾರದೆ ನನ್ನ ಕೋಣೆಯಲ್ಲಿ ಕೂರಿಸಿದರೆ, ‘ಪಿಪಿ ಹೇಳಿಕೊಟ್ಟು ಕರೆತಂದ ಸಾಕ್ಷಿ’ ಎಂದು ಪಾಟಿ ಸವಾಲಿನಲ್ಲಿ ಬರುತ್ತದೆ. ಹಾಗಾಗಿ ಹೊರಗೇ ಕೂರಿಸಬೇಕಾಗಿತ್ತು. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು, ಅದು ದೇಶಕ್ಕೆಲ್ಲ ಕಾನೂನಿನಂತೆ ಅನ್ವಯ ಎಂದಿತು. ಸಾಕ್ಷಿಗೆ ಇರುವ ಅಪಾಯವನ್ನು ಅಳೆದು ಮೂರು ವರ್ಗ ಮಾಡಿ ರಕ್ಷಣೆ ಕೊಡುವ ವ್ಯವಸ್ಥೆ ಅದು. ತೀರ್ಪಿನ ಪ್ರತಿ ಓದಿ ನನಗೆ ನಿಜವಾಗಿ ಸಂತೋಷವಾಗಿತ್ತು. ಆದರೆ ಕೆಲಸ ಕಳೆದುಕೊಂಡ ಕೂಲಿ ಹೆಂಗಸಿಗೆ ಬೇಕಿದ್ದದ್ದು ಬಂದೂಕಿನ ಪೊಲೀಸಲ್ಲ, ಬೇರೊಂದು ಮಗ್ಗದಲ್ಲಿ ಕೆಲಸ. ಅದಕ್ಕೆ ಯಾವ ನಮೂನೆಯ ಅರ್ಜಿಯೂ ಇರಲಿಲ್ಲ.

ಅವಳು ನುಡಿದ ದಿನ ನಾನು ಕೇಳಿದ್ದು ಕೆಲವೇ ಪ್ರಶ್ನೆ. ಬೆಂಕಿ ಆರಿಸಿದಾಗ ಹುಡುಗಿ ಏನೆಂದಳು, ಅದಕ್ಕೆ ಹಿಂದಿನ ವಾರ ಗೋಡೆಯಾಚೆಯಿಂದ ಏನು ಕೇಳಿಸಿತು. ‘ದುಡ್ ತರದೆ ಬಂದ್ರೆ ಒಳಗೆ ಬರ್ಬೇಡ ಅಂತ ಅವಳ ಗಂಡ ಕೂಗಾಡ್ತಿದ್ದ’ ಎಂದಳು. ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಕಿರುಕುಳ ನಡೆದಿತ್ತು ಎಂಬುದು ಸ್ಥಾಪಿತವಾದರೆ ಮಾತ್ರ ಆಗಿನ ಸಾಕ್ಷ್ಯ ಅಧಿನಿಯಮದ 113-ಬಿ ಕಲಮಿನ ಊಹೆ ನಮ್ಮ ಕಡೆ ಬರುತ್ತಿತ್ತು. ಇಡೀ ಪ್ರಕರಣ ನಿಂತದ್ದು ಅವಳ ಆ ಮಾತಿನ ಮೇಲೆ. ಎದುರು ವಕೀಲರು ಮಧ್ಯಾಹ್ನವೆಲ್ಲ ಕೆದಕಿದರು. ನಿನ್ನ ನಡತೆ ಸರಿಯಿಲ್ಲವೆಂದು ಅವರ ಮನೆಯವರು ಬೈದಿದ್ದರಲ್ಲವೇ, ಆ ದ್ವೇಷಕ್ಕೆ ಹೇಳುತ್ತಿದ್ದೀಯಲ್ಲವೇ. ಅವಳು ಅಳಲಿಲ್ಲ. ‘ಬೈದಿದ್ರು. ಆದ್ರೂ ಆ ಹುಡ್ಗಿ ಗಂಡ ಹಂಗಂದಿದ್ದು ನಿಜ’ ಎಂದಳು.

ಉಳಿದದ್ದು ಕಾಗದ. ಹುಡುಗಿಯ ತಂದೆಯ ಖಾತೆಯಿಂದ ಅಳಿಯನ ಖಾತೆಗೆ ಹಣ ಹೋದ ದಾಖಲೆಯನ್ನು ಬ್ಯಾಂಕಿನ ಅಧಿಕಾರಿ ಹಾಜರುಪಡಿಸಿದರು. ತಂದೆ ನಾಲಿಗೆ ತಿರುಗಿಸಿದ್ದರೂ ಪಾಸ್‌ಬುಕ್ಕು ತಿರುಗಿರಲಿಲ್ಲ. ಮರಣಕಾಲದ ಹೇಳಿಕೆಯ ಮೇಲೆ ದೊಡ್ಡ ವಾದ ನಡೆಯಿತು: ಹೇಳಿಕೆ ಕೊಡಲು ರೋಗಿ ಶಕ್ತಳೆಂಬ ವೈದ್ಯರ ಷರಾ ಹೇಳಿಕೆಯ ಮೇಲ್ಭಾಗದಲ್ಲಿಲ್ಲ, ಕೆಳಗಿದೆ, ಆದ್ದರಿಂದ ನಂಬುವಂತಿಲ್ಲ ಎಂದು. ಲಕ್ಷ್ಮಣ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಷರಾ ಇಲ್ಲದಿದ್ದರೂ ಹೇಳಿಕೆ ಸತ್ಯವೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಸಾಕು ಎಂದು ಹೇಳಿದೆ. ಆ ತೀರ್ಪನ್ನು ಓದಿದೆ. ವೈದ್ಯರು ಕಟಕಟೆಗೆ ಬಂದು, ಅವಳು ನೀರು ಕೇಳಿದಳು, ಮಗುವಿನ ಹೆಸರು ಹೇಳಿದಳು, ಪ್ರಶ್ನೆಗಳಿಗೆ ಸರಿಯಾಗಿ ಉತ್ತರ ಕೊಟ್ಟಳು ಎಂದು ನುಡಿದರು.

ತೀರ್ಪಿನಲ್ಲಿ ಗಂಡನಿಗೆ ಎರಡೂ ಕಲಮುಗಳಡಿ ಶಿಕ್ಷೆಯಾಯಿತು. ಅತ್ತೆ ಮಾವನ ಬಗ್ಗೆ ಮರಣಕಾಲದ ಹೇಳಿಕೆಯಲ್ಲಿ ಸ್ಪಷ್ಟ ಮಾತಿರಲಿಲ್ಲ, ಪಕ್ಕದ ಮನೆಯವಳು ಕೇಳಿಸಿಕೊಂಡದ್ದೂ ಗಂಡನ ದನಿಯನ್ನೇ. ಅವರಿಬ್ಬರೂ ಬಿಡುಗಡೆಯಾದರು. ನಾನು ಸಾಕ್ಷ್ಯವನ್ನು ಓದಿದ ಪ್ರಕಾರ ಮಾವನ ಮಟ್ಟಿಗೆ ಅದು ನಿಲ್ಲಬಹುದಾದ ತೀರ್ಪು, ಅತ್ತೆಯ ಮಟ್ಟಿಗೆ ಅಲ್ಲ. ಅಮ್ಮನ ಅಣ್ಣನ ಬಗ್ಗೆ ಹೀಗೆ ಬರೆಯುವುದರಿಂದ ನನ್ನ ಮೇಲೆ ಮತ್ತೊಂದು ಮಾತು ಬರಬಹುದೆಂದು ಗೊತ್ತಿದ್ದೂ, ಅಭಿಪ್ರಾಯ ಕೇಳಿದಾಗ ಹಾಗೆಯೇ ಬರೆದುಕೊಟ್ಟೆ.

ಮಗು ಈಗ ಅಜ್ಜಿಯ ಮನೆಯಲ್ಲಿದೆ; ಆ ಒಂದು ಮಾತನ್ನು ಆರೋಪಿಗಳ ಕಡೆಯವರು ಉಳಿಸಿಕೊಂಡರು. ನನ್ನ ಮಗಳ ಮದುವೆ ಬೇರೆ ಜಿಲ್ಲೆಯವರ ಜೊತೆ ನಡೆಯಿತು, ಒಂದು ಕಾಸು ಕೊಡದೆ. ಮುಯ್ಯಾಳು ಈಗ ಅರ್ಧಕ್ಕರ್ಧ ಮನೆಗಳಿಂದ ಬರುತ್ತಾರೆ. ದೊಡ್ಡಮ್ಮ ಹಾಸಿಗೆ ಹಿಡಿದಾಗ ಅಮ್ಮ ಹೋಗಿ ಬಂದಳು, ನಾನೂ ಹೋಗಿದ್ದೆ. ಕೇಸಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

2024ರ ಜುಲೈ 1ರಿಂದ ಸಂಹಿತೆಯ ಹೆಸರು, ಕಲಮುಗಳ ಸಂಖ್ಯೆ ಎಲ್ಲ ಬದಲಾಗಿವೆ. ನಮ್ಮ ಬದಲು ಕೂತಿರುವ ಕಿರಿಯರಿಗೆ ಹೇಳಬೇಕಾದದ್ದು ಬದಲಾಗಿಲ್ಲ: ಸಂಬಂಧವಿದ್ದರೆ ಮೊದಲ ದಿನವೇ ಬರೆದು ತಿಳಿಸಿ, ನಕಲು ಇಟ್ಟುಕೊಳ್ಳಿ, ಮನೆಯವರಿಗೆ ಮುಂಚೆಯೇ ಹೇಳಿ. ಸರ್ಕಾರಕ್ಕೆ ಹೇಳಬೇಕಾದದ್ದೂ ಇದೆ: ತಾಲ್ಲೂಕು ಕೋರ್ಟುಗಳಲ್ಲಿ ಸಾಕ್ಷಿಗಳಿಗೆ ಬೇರೆ ಕೋಣೆ ಕೊಡಿ, ಭತ್ಯೆಯನ್ನು ಬಂದ ದಿನವೇ ಕೈಗೆ ಕೊಡಿ, ಸತ್ಯ ಹೇಳಿ ಕೆಲಸ ಕಳೆದುಕೊಂಡವರಿಗೆ ಕೆಲಸ ಕೊಡಿ. ಆ ಪವರ್‌ಲೂಮಿನ ಹೆಂಗಸು ಈಗ ಬೇರೆ ಊರಿನಲ್ಲಿದ್ದಾಳೆ, ಮೊದಲಿಗಿಂತ ಕಡಿಮೆ ಕೂಲಿಗೆ ಕೆಲಸ ಮಾಡುತ್ತಿದ್ದಾಳೆ.

ಗಂಡನ ಮೇಲ್ಮನವಿ ಹೈಕೋರ್ಟಿನಲ್ಲಿದೆ. ಅಲ್ಲಿ ರಾಜ್ಯದ ಪರ ವಾದಿಸುವವರು ಬೇರೆಯವರು. ನಿವೃತ್ತಿಗೆ ಮುಂಚೆ ಕಡತದ ಜೊತೆ ಒಂದು ಟಿಪ್ಪಣಿ ಕಳಿಸಿದ್ದೆ. ತಾಯಿಯ ಸಾಕ್ಷ್ಯವನ್ನು ಓದಿ ನಿರಾಶರಾಗಬೇಡಿ, ಕಂಡಿಕೆ ಸುತ್ತುವ ಹೆಂಗಸಿನ ಪಾಟಿ ಸವಾಲನ್ನು ಪೂರ್ತಿ ಓದಿ, ಬ್ಯಾಂಕಿನ ದಾಖಲೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ ಎಂದು ಬರೆದಿದ್ದೆ. ವಿಚಾರಣೆಗೆ ಇನ್ನೂ ದಿನ ಬಂದಿಲ್ಲ.